ಜೆ.ಸಿ. ರಸ್ತೆ ಮತ್ತು ಹಳೆಯ ಕಾರಿನ ಒಳಬಣ್ಣ

ಹಳೆಯ ಕಾರಿನ ಹೊರಮೈಗೆ ಬಣ್ಣ ಹೊಡೆಯುವುದಕ್ಕಿಂತ ಅದರ ಒಳಗಿನ ಭಾಗಗಳ ಬಣ್ಣ ಹೊಂದಿಸುವುದು ಕಷ್ಟದ ಕೆಲಸ. ಹೊರಗೆ ಇರುವುದು ಒಂದೇ ತಗಡು, ಒಂದೇ ಪೇಂಟು. ಒಳಗೆ ಹಾಗಲ್ಲ. ಡ್ಯಾಶ್‌ಬೋರ್ಡ್ ತಗಡಿನದು, ಸ್ಟಿಯರಿಂಗ್ ಚಕ್ರ ಪ್ಲಾಸ್ಟಿಕ್ಕಿನದು, ಸೀಟು ಚರ್ಮದ್ದೋ ರೆಕ್ಸಿನ್ನಿನದೋ, ಬಾಗಿಲಿನ ಪ್ಯಾಡು ಹಾರ್ಡ್‌ಬೋರ್ಡಿನ ಮೇಲೆ ಎಳೆದು ಅಂಟಿಸಿದ ರೆಕ್ಸಿನ್, ಕಾಲಡಿಯ ಹಾಸು ಉಣ್ಣೆ ಅಥವಾ ರಬ್ಬರು, ತಲೆಯ ಮೇಲಿನ ರೂಫ್ ಲೈನಿಂಗ್ ಬಟ್ಟೆ. ಕಂಪನಿಯ ಪಟ್ಟಿಯಲ್ಲಿ ಎಲ್ಲಕ್ಕೂ ‘ಬೀಜ್’ ಅಥವಾ ‘ಗ್ರೇ’ ಎಂಬ ಒಂದೇ ಹೆಸರಿದ್ದರೂ ಒಂದೊಂದೂ ಬೇರೆ ಬೇರೆ ಕಾರ್ಖಾನೆಯಿಂದ ಬಂದದ್ದು, ಬೇರೆ ಬೇರೆ ವರ್ಣದ್ರವ್ಯ ಉಂಡದ್ದು. ಹೊಸದಿದ್ದಾಗಲೇ ಅವುಗಳ ನಡುವೆ ಕೂದಲೆಳೆಯ ಅಂತರ ಇರುತ್ತಿತ್ತು. ನಲವತ್ತು ವರ್ಷ ಬಿಸಿಲು, ಧೂಳು, ಬೆವರು ಕಂಡ ಮೇಲೆ ಆ ಅಂತರ ಕಣ್ಣಿಗೆ ಹೊಡೆಯುವಷ್ಟು ಬೆಳೆಯುತ್ತದೆ.

ಬೆಂಗಳೂರಿನಲ್ಲಿ ಈ ಕೆಲಸದ ನೆಲೆ ಜೆ.ಸಿ. ರಸ್ತೆ. ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆಯ ಎರಡೂ ಬದಿಗೆ, ಅಲ್ಲಿಂದ ಕಲಾಸಿಪಾಳ್ಯದ ಒಳಗಲ್ಲಿಗಳವರೆಗೆ, ಬಿಡಿಭಾಗದ ಅಂಗಡಿ, ಕುಶನ್ ಅಂಗಡಿ, ಟಿಂಕರಿಂಗ್, ಪೇಂಟಿಂಗ್ ಎಲ್ಲವೂ ಒಂದಕ್ಕೊಂದು ಹೆಗಲು ತಾಗಿಸಿಕೊಂಡು ನಿಂತಿದ್ದವು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಆ ರಸ್ತೆ ಕಂಡವರಿಗೆ ಅಲ್ಲಿನ ವಾಸನೆಯೇ ಮೊದಲು ನೆನಪಾಗುತ್ತದೆ: ತಿನ್ನರ್, ಅಂಟು, ಹೊಸ ರೆಕ್ಸಿನ್, ಹಳೆಯ ಸೀಟಿನೊಳಗಿನ ತೆಂಗಿನ ನಾರು. ಫುಟ್‌ಪಾತಿನ ಮೇಲೆ ಬಿಚ್ಚಿಟ್ಟ ಸೀಟುಗಳು, ಮರದ ಮೇಜಿನ ಮೇಲೆ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಅದರ ಮುಂದೆ ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು ಕೂತ ಕುಶನ್ ಮೇಸ್ತ್ರಿ.

ಆಗ ಓಡುತ್ತಿದ್ದ ದೇಶೀ ಕಾರುಗಳು ಮುಖ್ಯವಾಗಿ ಮೂರು: ಉತ್ತರಪಾಡಾದ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸುತ್ತಿದ್ದ, ಮುಂದೆ ಪದ್ಮಿನಿ ಎಂದು ಹೆಸರು ಪಡೆದ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್. ಇವುಗಳ ನಡುವೆ ಹಳೆಯ ಆಸ್ಟಿನ್, ಮಾರಿಸ್, ಡಾಡ್ಜ್, ಷೆವ್ರೊಲೆಟ್, ಅಪರೂಪಕ್ಕೆ ಒಂದು ಮರ್ಸಿಡಿಸ್. ರಾಯಭಾರ ಕಚೇರಿಗಳವರು ಬಿಟ್ಟುಹೋದ ವಿದೇಶಿ ಕಾರುಗಳನ್ನು ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ (ಎಸ್‌ಟಿಸಿ) ಮಾರುತ್ತಿತ್ತು. ಅವು ಕೈಯಿಂದ ಕೈಗೆ ದಾಟಿ ಇಲ್ಲಿಗೂ ಬರುತ್ತಿದ್ದವು. 1991ರ ಉದಾರೀಕರಣಕ್ಕೆ ಮೊದಲು ವಿದೇಶದಿಂದ ಬಿಡಿಭಾಗ ತರಿಸುವುದು ಲೈಸೆನ್ಸು, ಸುಂಕಗಳ ದೊಡ್ಡ ತಲೆನೋವು. ಎಂಜಿನ್ನಿನ ಭಾಗಕ್ಕಾದರೂ ಯಾರಾದರೂ ಆ ಕಷ್ಟ ಪಟ್ಟಾರು. ಬಾಗಿಲಿನ ಕೈಯಾಸರೆಗೆ, ಸನ್‌ವೈಸರಿಗೆ ಪಡುವವರಿರಲಿಲ್ಲ. ಮುರಿದದ್ದನ್ನು ಕೂಡಿಸಿ, ಇಲ್ಲದ್ದನ್ನು ಇಲ್ಲೇ ಮಾಡಿ, ಸುತ್ತಲಿನ ಬಣ್ಣಕ್ಕೆ ಒಪ್ಪುವಂತೆ ಬಳಿಯುವುದೇ ದಾರಿ. ಬಣ್ಣ ಹೊಂದಿಸುವ ಕಲೆ ಆ ರಸ್ತೆಯಲ್ಲಿ ಬೇರೂರಿದ್ದು ಈ ಕೊರತೆಯಿಂದ.

ಆದರೆ ಅಂದಿನ ಗಿರಾಕಿಗೆ ಬೇಕಾಗಿದ್ದದ್ದು ಹೊಸತಿನ ಮಿಂಚು. ಕಾರು ಆಗ ವಿಂಟೇಜ್ ಆಗಿರಲಿಲ್ಲ, ಬರೀ ಹಳತಾಗಿತ್ತು. ಚರ್ಮದ ಸೀಟು ಒಂದು ಕಡೆ ಬಿರಿದರೆ ಇಡೀ ಒಳಗನ್ನು ಕಿತ್ತು, ಅಂಗಡಿಯಲ್ಲಿ ಅಂದು ಸಿಕ್ಕ ಮರೂನ್ ಅಥವಾ ಕಪ್ಪು ರೆಕ್ಸಿನ್ ಹೊದಿಸುತ್ತಿದ್ದರು. ಕಿತ್ತ ಚರ್ಮ, ಉಣ್ಣೆಯ ಹಾಸು, ಮೂಲ ಬಣ್ಣದ ಪೈಪಿಂಗ್ ಎಲ್ಲವೂ ಗುಜರಿಗೆ. ಹೀಗೆ ಕಳೆದುಹೋದದ್ದು ಬಹಳ. ಇಂದು ಒಂದು ಹಳೆಯ ಆಸ್ಟಿನ್ನಿನ ಒಳಬಣ್ಣ ಏನಿತ್ತು ಎಂದು ತಿಳಿಯಲು ಅಂಗೈಯಗಲದ ತುಂಡಿಗಾಗಿ ಹುಡುಕುವವರಿಗೆ ಆ ನಷ್ಟದ ಅಳತೆ ಗೊತ್ತು.

ಮೂಲ ಬಣ್ಣ ಯಾವುದು ಎಂದು ಗೊತ್ತುಮಾಡುವುದೇ ಈ ಕೆಲಸದ ಮೊದಲ ಹೆಜ್ಜೆ. ಕಣ್ಣಿಗೆ ಕಾಣುವ ಭಾಗವನ್ನು ನಂಬುವಂತಿಲ್ಲ. ಬಿಸಿಲಿನ ನೇರಳಾತೀತ ಕಿರಣ ವರ್ಣದ್ರವ್ಯವನ್ನು ಒಡೆಯುತ್ತದೆ. ಸಾಮಾನ್ಯವಾಗಿ ಕೆಂಪು, ಹಳದಿಯ ಸಾವಯವ ಬಣ್ಣಗಳು ಬೇಗ ಮಾಸಿ, ಕಬ್ಬಿಣದ ಆಕ್ಸೈಡಿನ ಕಾವಿ, ಇಂಗಾಲದ ಕಪ್ಪು ಉಳಿದುಕೊಳ್ಳುತ್ತವೆ. ಹಾಗಾಗಿ ಬಣ್ಣ ತೆಳುವಾಗುವುದಷ್ಟೇ ಅಲ್ಲ, ಬೇರೆ ಕಡೆಗೇ ವಾಲುತ್ತದೆ. ದಂತದ ಬಣ್ಣದ ಪ್ಲಾಸ್ಟಿಕ್ ಹಳದಿಗೆ ತಿರುಗುತ್ತದೆ. ರೆಕ್ಸಿನ್ ಎಂದು ಎಲ್ಲರೂ ಕರೆಯುವ ಪಿವಿಸಿ ಬಟ್ಟೆಯಲ್ಲಿ ಮೆದುತನಕ್ಕಾಗಿ ಬೆರೆಸಿದ ಎಣ್ಣೆಯಂಥ ದ್ರವ್ಯ ಮೆಲ್ಲಗೆ ಹೊರಗೆ ಬಂದು, ಮೈ ಜಿಗುಟಾಗಿ ಧೂಳು ಹಿಡಿದು ಕಪ್ಪಾಗುತ್ತದೆ, ಬಟ್ಟೆ ಕುಗ್ಗಿ ಬಿರಿಯುತ್ತದೆ. ರೂಫ್ ಲೈನಿಂಗಿಗೆ ಬೀಡಿ, ಸಿಗರೇಟಿನ ಹೊಗೆ ಸೇರಿದರೆ ಅದರದೇ ಒಂದು ಕಂದು.

ಮೂಲ ಬಣ್ಣ ಉಳಿದಿರುವುದು ಬೆಳಕು ಮುಟ್ಟದ ಕಡೆ. ಸೀಟಿನ ಹಳಿಯ ಕೆಳಗೆ, ಆಶ್‌ಟ್ರೇ ಹೊರಗೆಳೆದರೆ ಅದರ ಗೂಡಿನಲ್ಲಿ, ಬಾಗಿಲಿನ ಪ್ಯಾಡಿನ ಹಿಂದಕ್ಕೆ ಮಡಚಿ ಮೊಳೆ ಹೊಡೆದ ಅಂಚಿನಲ್ಲಿ, ಕಿಟಕಿ ತಿರುಗಿಸುವ ಹಿಡಿಯ ಬಿಲ್ಲೆಯ ಅಡಿಯಲ್ಲಿ, ಹೊಸ್ತಿಲಿನ ಲೋಹದ ಪಟ್ಟಿ ಬಿಚ್ಚಿದಾಗ ಸಿಗುವ ಬೆರಳಗಲದ ಜಾಗದಲ್ಲಿ. ಅನುಭವಿ ಮೇಸ್ತ್ರಿಗಳು ಕಾರು ಬಂದೊಡನೆ ಹಿಡಿಯ ಪಿನ್ನು ತೆಗೆದು ಬಿಲ್ಲೆಯ ಅಡಿಯನ್ನೇ ಮೊದಲು ನೋಡುತ್ತಿದ್ದರು. ಬಿಲ್ಲೆ ಇದ್ದ ಕಡೆ ಒಂದು ದುಂಡನೆಯ ಹೊಸ ಹಸಿರು, ಸುತ್ತ ಮಾಸಿದ ಬೂದು: ಕಾರಿನ ವಯಸ್ಸೆಲ್ಲ ಆ ಎರಡರ ನಡುವೆ ಇರುತ್ತಿತ್ತು.

ಕೆಲವು ಕಾರುಗಳಲ್ಲಿ ಬರಹದ ಸುಳಿವೂ ಇದೆ. ಅಮೆರಿಕದ ಕಾರುಗಳ ಬಾನೆಟ್ಟಿನ ಒಳಗೋ ಬಾಗಿಲಿನ ಮೇಲೋ ಇರುವ ತಗಡಿನ ಚೀಟಿಯಲ್ಲಿ ಪೇಂಟಿನ ಸಂಖ್ಯೆಯ ಜೊತೆಗೆ ಒಳಗಿನ ಬಟ್ಟೆ, ರೆಕ್ಸಿನ್ನಿನ ಸಂಖ್ಯೆಯೂ ಇರುತ್ತದೆ. ಮರ್ಸಿಡಿಸ್‌ಗೆ ಡೇಟಾ ಕಾರ್ಡ್ ಇದೆ. ರೋಲ್ಸ್‌ರಾಯ್ಸ್, ಜಾಗ್ವಾರ್‌ಗಳ ಚರ್ಮ ಬರುತ್ತಿದ್ದದ್ದು ಇಂಗ್ಲೆಂಡಿನ ಕಾನೊಲಿ ಸಂಸ್ಥೆಯಿಂದ. ಅದರ ಚರ್ಮಗಳಿಗೆ ತಮ್ಮದೇ ಬಣ್ಣದ ಸಂಖ್ಯೆಗಳಿದ್ದವು. ಆದರೆ ಸಂಖ್ಯೆ ಹೇಳುವುದು ಯಾವ ಬಣ್ಣ ಎಂಬುದನ್ನು ಮಾತ್ರ. ಇಂದಿಗೆ ಉಳಿದ ಸೀಟಿಗೆ ಇಂದು ಹೊಲಿದ ಹೊಸ ತುಂಡು ಒಪ್ಪುವುದು ಹೇಗೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಉತ್ತರ ಇದ್ದದ್ದು ಪೇಂಟರಿನ ಡಬ್ಬಿಯಲ್ಲಿ. ಬೇಗ ಒಣಗುವ ನೈಟ್ರೋಸೆಲ್ಯುಲೋಸ್ (ಎನ್‌ಸಿ) ಲ್ಯಾಕರನ್ನು ಡುಪಾಂಟ್ ಕಂಪನಿ 1923ರಲ್ಲಿ ಡುಕೊ ಎಂಬ ಹೆಸರಲ್ಲಿ ಹೊರತಂದಿತು. ನಮ್ಮ ಗ್ಯಾರೇಜುಗಳಲ್ಲಿ ಯಾವ ಕಂಪನಿಯ ಎನ್‌ಸಿ ಪೇಂಟಾದರೂ ‘ಡುಕೊ’ ಎಂದೇ ಹೆಸರಾಯಿತು. ಭಾರತೀಯ ಮಾನಕ ಐಎಸ್ 5ರ ಬಣ್ಣದ ಕಾರ್ಡ್ ಅಂಗಡಿಗಳಲ್ಲಿ ಸಿಗುತ್ತಿತ್ತು. ‘ಸ್ಮೋಕ್ ಗ್ರೇ 692’ ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಆದರೆ ಕಾರಿನ ಒಳಬಣ್ಣ ಆ ಕಾರ್ಡಿನ ಎರಡು ಚೌಕಗಳ ನಡುವೆ ಎಲ್ಲೋ ಬೀಳುತ್ತಿತ್ತು. ಅಲ್ಲಿಂದ ಮುಂದೆ ಎಲ್ಲವೂ ಕಣ್ಣಿನ ಲೆಕ್ಕ.

ಲೆಕ್ಕಕ್ಕೆ ಕ್ರಮವಿತ್ತು. ಯಾವಾಗಲೂ ತಿಳಿ ಬಣ್ಣದಿಂದ ಹೊರಟು ಗಾಢ ಬಣ್ಣವನ್ನು ಕಡ್ಡಿಯ ತುದಿಯಿಂದ ಸೇರಿಸಬೇಕು. ಕಪ್ಪಂತೂ ಸಾರಿಗೆ ಉಪ್ಪು ಹಾಕುವಂತೆ: ಹೆಚ್ಚಾದರೆ ತೆಗೆಯಲು ಬಾರದು, ಸರಿಪಡಿಸಲು ಡಬ್ಬಿಗಟ್ಟಲೆ ಬಿಳಿ ಸುರಿಯಬೇಕು. ಬಿಳಿಗೆ ಬರೀ ಕಪ್ಪು ಬೆರೆಸಿದರೆ ಸಿಗುವ ಬೂದು ನೀಲಿಗೆ ವಾಲುತ್ತದೆ. ಹಳೆಯ ಕಾರುಗಳ ಬೆಚ್ಚನೆಯ ಬೂದು ಬೇಕಾದರೆ ಅದಕ್ಕೆ ಹಳದಿ ಕಾವಿಯ ಒಂದು ಸೋಂಕು ಬೇಕು. ಕೆಂಪು ಹೆಚ್ಚಾಗಿ ಕಂಡರೆ ಹಸಿರಿನ ಹನಿ ಅದನ್ನು ತಗ್ಗಿಸುತ್ತದೆ. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರ ತನ್ನ ಪುಸ್ತಕದಲ್ಲಿ ಬಣ್ಣವನ್ನು ಮೂರು ಗುಣಗಳಾಗಿ ಬಿಡಿಸಿದ್ದ: ಅದು ಯಾವ ಬಣ್ಣ, ಎಷ್ಟು ತಿಳಿ ಅಥವಾ ಗಾಢ, ಎಷ್ಟು ಪ್ರಖರ ಅಥವಾ ಮಂಕು. ಮನ್ಸೆಲ್ಲನ ಹೆಸರು ಕೇಳದ ಮೇಸ್ತ್ರಿಯೂ ಇದೇ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳುತ್ತಿದ್ದ. ಬೆರಳಲ್ಲಿ ಅದ್ದಿ, ಬಿಚ್ಚಿದ ಭಾಗದ ಹಿಂಬದಿಗೆ ಒಂದು ಬೊಟ್ಟು ಇಟ್ಟು, ಅದು ಒಣಗುವವರೆಗೆ ಬೇರೆ ಕೆಲಸಕ್ಕೆ ಕೈಹಾಕುತ್ತಿದ್ದ. ಹಸಿ ಬಣ್ಣವನ್ನು ನೋಡಿ ತೀರ್ಮಾನಿಸುವವನು ಕಸುಬು ಕಲಿಯದವನು. ಒಣಗಿದಾಗ ಅದು ಸಾಮಾನ್ಯವಾಗಿ ತುಸು ಗಾಢವಾಗುತ್ತದೆ.

ಕೊನೆಯ ಪರೀಕ್ಷೆ ಬೆಳಕಿನದು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಂದೇ ಎನಿಸಿದ ಎರಡು ಭಾಗ ಬಿಸಿಲಿಗೆ ತಂದಾಗ ಬೇರೆಯಾಗುವುದು ಈ ಕಸುಬಿನ ಹಳೆಯ ಪೀಡೆ. ಎರಡು ಬೇರೆ ವರ್ಣದ್ರವ್ಯಗಳ ಮಿಶ್ರಣ ಒಂದು ಬೆಳಕಿನಲ್ಲಿ ಕಣ್ಣಿಗೆ ಒಂದೇ ಸಂದೇಶ ಕೊಟ್ಟು ಇನ್ನೊಂದರಲ್ಲಿ ಬೇರೆ ಸಂದೇಶ ಕೊಡುತ್ತದೆ. ವಿಜ್ಞಾನದಲ್ಲಿ ಇದಕ್ಕೆ ಮೆಟಮರಿಸಂ ಎಂದು ಹೆಸರು. ರೆಕ್ಸಿನ್ನಿನ ವರ್ಣದ್ರವ್ಯವೇ ಬೇರೆ, ಪೇಂಟಿನದೇ ಬೇರೆ ಆದ್ದರಿಂದ ಕಾರಿನ ಒಳಗೆ ಇದು ತಪ್ಪಿದ್ದಲ್ಲ. ಮೇಸ್ತ್ರಿಗಳು ಭಾಗವನ್ನು ಫುಟ್‌ಪಾತಿಗೆ ತಂದು, ನೇರ ಬಿಸಿಲು ಬಿಟ್ಟು ನೆರಳಿನ ಹಗಲಲ್ಲಿ ನೋಡುತ್ತಿದ್ದರು, ಆಮೇಲೆ ಕಾರಿನ ಒಳಗಿಟ್ಟು ಬಾಗಿಲು ಮುಚ್ಚಿ ಮತ್ತೆ ನೋಡುತ್ತಿದ್ದರು. ಭಾಗ ಕೊನೆಗೆ ಇರಬೇಕಾದದ್ದು ಗಾಜಿನ ಮೂಲಕ ಬರುವ ಆ ಅರೆಬೆಳಕಿನಲ್ಲೇ. ಇದಕ್ಕಿಂತ ಸರಿಯಾದ ಪದ್ಧತಿ ಇಂದಿಗೂ ಇಲ್ಲ.

1983ರಲ್ಲಿ ಮಾರುತಿ 800 ಬಂದ ಮೇಲೆ ಒಳಭಾಗದ ವಸ್ತುವೇ ಬದಲಾಯಿತು. ತಗಡಿನ ಡ್ಯಾಶ್‌ಬೋರ್ಡಿನ ಜಾಗದಲ್ಲಿ ಬಣ್ಣ ಬೆರೆಸಿಯೇ ಅಚ್ಚು ಹಾಕಿದ ಪ್ಲಾಸ್ಟಿಕ್. ಅದಕ್ಕೆ ಪೇಂಟಿನ ಅಗತ್ಯವೇ ಇರಲಿಲ್ಲ. ಹಾಳಾದರೆ ಹೊಸದು ಸಿಗುತ್ತಿತ್ತು. ಬಣ್ಣ ಕೂಡಿಸುವವರ ಕೆಲಸ ಕಡಿಮೆಯಾಗುತ್ತ ಹೋಯಿತು. ಅವರ ಕೆಲವು ಹಳೆಯ ರೂಢಿಗಳೂ ಪ್ಲಾಸ್ಟಿಕ್ಕಿನ ಮುಂದೆ ಸೋತವು. ಸೀಮೆಎಣ್ಣೆಯಲ್ಲಿ ಒರೆಸಿ ಪೇಂಟು ಹೊಡೆಯುವುದು ತಗಡಿಗೆ ಹೇಗೋ ನಡೆಯುತ್ತಿತ್ತು; ಪ್ಲಾಸ್ಟಿಕ್ ಮೇಲೆ ಉಳಿದ ಎಣ್ಣೆಯ ಪೊರೆಯಿಂದ ಬಣ್ಣ ಸಿಪ್ಪೆಯಾಗಿ ಏಳುತ್ತಿತ್ತು. ಸಿಲಿಕೋನ್ ಇರುವ ಡ್ಯಾಶ್‌ಬೋರ್ಡ್ ಪಾಲಿಶ್ ವರ್ಷಗಟ್ಟಲೆ ತಿಕ್ಕಿದ ಭಾಗದಲ್ಲಂತೂ ಪೇಂಟು ಮೀನಿನ ಕಣ್ಣಿನಂತೆ ಗುಳಿ ಗುಳಿಯಾಗಿ ಹಿಂದೆ ಸರಿಯುತ್ತದೆ. ಈಗಿನ ಸರಿಯಾದ ಕ್ರಮ ಇದು: ಸೋಪಿನ ನೀರಿನಲ್ಲಿ ಮೃದು ಬ್ರಷ್‌ನಿಂದ ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಪಾಲಿಪ್ರೊಪಿಲೀನ್‌ನಂಥ ಜಾರು ಪ್ಲಾಸ್ಟಿಕ್ಕಾದರೆ ಪ್ಲಾಸ್ಟಿಕ್ ಪ್ರೈಮರ್ ಹಚ್ಚಿ, ರೆಕ್ಸಿನ್ನಿಗಾದರೆ ಬಾಗಿದರೂ ಬಿರಿಯದ ವಿನೈಲ್ ಬಣ್ಣವನ್ನು ಬಹಳ ತೆಳುವಾಗಿ ಹಲವು ಸಲ ಹೊಡೆಯುವುದು. ದಪ್ಪಗೆ ಹೊಡೆದರೆ ಮೇಲ್ಮೈಯ ಚರ್ಮದಂಥ ಗೆರೆಗಳು ತುಂಬಿಹೋಗುತ್ತವೆ, ಭಾಗ ಬಳಿದದ್ದು ಎಂದು ದೂರದಿಂದಲೇ ಹೇಳುತ್ತದೆ.

ಹೊಳಪನ್ನು ಅನೇಕರು ಮರೆಯುತ್ತಾರೆ. ಬಣ್ಣ ಅಕ್ಷರಶಃ ಒಂದೇ ಇದ್ದರೂ ಹೊಳೆಯುವ ಮೈ ಗಾಢವಾಗಿ, ಮಂಕು ಮೈ ತಿಳಿಯಾಗಿ ಕಾಣುತ್ತದೆ. ಉಣ್ಣೆಯ ಹಾಸಿನಲ್ಲಿ ಎಳೆ ಮಲಗಿದ ದಿಕ್ಕು ಬದಲಾದರೆ ಸಾಕು, ಒಂದೇ ಥಾನಿನಿಂದ ಕತ್ತರಿಸಿದ ಎರಡು ತುಂಡು ಎರಡು ಬಣ್ಣವಾಗುತ್ತವೆ.

ಯಂತ್ರದ ಕಾಲ ಬಂದದ್ದು ತೊಂಬತ್ತರ ದಶಕದ ಉದಾರೀಕರಣದ ನಂತರ. ಪೇಂಟ್ ಅಂಗಡಿಗಳಿಗೆ ಕಂಪ್ಯೂಟರ್ ಮಿಕ್ಸಿಂಗ್ ಬಂತು, ಆಮೇಲೆ ಅಂಗೈಯಲ್ಲಿ ಹಿಡಿಯುವ ಸ್ಪೆಕ್ಟ್ರೊಫೋಟೊಮೀಟರ್. ಅದು ಮೇಲ್ಮೈ ಮೇಲೆ ಬೆಳಕು ಬಿಟ್ಟು, ಹಿಂತಿರುಗಿದ ಬೆಳಕನ್ನು ತರಂಗ ತರಂಗವಾಗಿ ಅಳೆದು, ಅಂತರರಾಷ್ಟ್ರೀಯ ಬೆಳಕಿನ ಆಯೋಗ 1976ರಲ್ಲಿ ಗೊತ್ತುಮಾಡಿದ ಲ್ಯಾಬ್ ಪದ್ಧತಿಯ ಮೂರು ಸಂಖ್ಯೆಗಳಾಗಿ ಕೊಡುತ್ತದೆ. ಎರಡು ಬಣ್ಣಗಳ ಅಂತರ ಡೆಲ್ಟಾ ಇ ಎಂಬ ಅಳತೆಯಲ್ಲಿ ಸುಮಾರು ಒಂದರ ಒಳಗಿದ್ದರೆ ಪಳಗಿದ ಕಣ್ಣಿಗೂ ಅದು ತಿಳಿಯುವುದು ಕಷ್ಟ. ಚಪ್ಪಟೆ ತಗಡಿಗೆ ಈ ಯಂತ್ರ ಅತ್ಯುತ್ತಮ. ಗೆರೆ ಗೆರೆಯ ರೆಕ್ಸಿನ್, ಬಾಗಿದ ಹಿಡಿ, ಎಳೆಯುಳ್ಳ ಹಾಸು ಬಂದಾಗ ಅದರ ಓದು ಒಂದೊಂದು ಸಲ ಒಂದೊಂದು. ಎಲ್ಲಕ್ಕಿಂತ ಮುಖ್ಯವಾಗಿ, ಮಾಸಿದ ಭಾಗಕ್ಕೆ ಹಿಡಿದರೆ ಅದು ಮಾಸಿದ ಬಣ್ಣವನ್ನೇ ನಿಷ್ಠೆಯಿಂದ ಅಳೆದು ಕೊಡುತ್ತದೆ. ಎಲ್ಲಿ ಹಿಡಿಯಬೇಕು ಎಂಬುದನ್ನು ಬಿಲ್ಲೆಯ ಅಡಿ ನೋಡಿದ ಆ ಹಳೆಯ ಕಣ್ಣೇ ಹೇಳಬೇಕು.

ಗಿರಾಕಿಯೂ ಬದಲಾಗಿದ್ದಾನೆ. ಹಳೆಯ ಕಾರುಗಳ ಮೆರವಣಿಗೆ, ಸ್ಪರ್ಧೆಗಳು ಹೆಚ್ಚಾದಂತೆ ಎಷ್ಟು ಹೊಳೆಯುತ್ತದೆ ಎಂಬುದರ ಬದಲು ಎಷ್ಟು ಮೂಲದಂತಿದೆ ಎಂಬ ಪ್ರಶ್ನೆ ಮುಂದೆ ಬಂತು. ಏನನ್ನೂ ಬದಲಿಸದೆ ಉಳಿಸಿಕೊಂಡ ಕಾರುಗಳಿಗೆ ಪ್ರತ್ಯೇಕ ವರ್ಗವೇ ಇದೆ. ಧರ್ಮಸ್ಥಳದ ಕಾರುಗಳ ಸಂಗ್ರಹ ನೋಡಿದವರಿಗೆ ಒಳಗಿನ ಹಳೆಯ ಬಟ್ಟೆ, ಚರ್ಮಗಳಲ್ಲೂ ಕಾಲದ ಗುರುತು ಹುಡುಕುವ ಆಸಕ್ತಿ ಹುಟ್ಟಿದ್ದುಂಟು. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡಿಸದ ವಾಹನಗಳಿಗೆ ವಿಂಟೇಜ್ ನೋಂದಣಿ ಮತ್ತು ‘ವಿಎ’ ಅಕ್ಷರಗಳ ಸಂಖ್ಯೆಫಲಕದ ನಿಯಮ ತಂದಿತು. ಆ ನಿಯಮ ನೋಡುವುದು ಷಾಸಿ, ಬಾಡಿ, ಎಂಜಿನ್ನುಗಳನ್ನು. ಒಳಬಣ್ಣವನ್ನು ಕಾಯುವ ಕಾನೂನು ಇಲ್ಲ, ಅದು ಮಾಲೀಕರ ಮತ್ತು ಮೇಸ್ತ್ರಿಯ ಹೊಣೆ.

ಜೆ.ಸಿ. ರಸ್ತೆಯಲ್ಲಿ ಈಗ ಹೆಚ್ಚಾಗಿ ಕಾಣುವುದು ಸಿದ್ಧ ಸೀಟ್ ಕವರು, ಕೃತಕ ಚರ್ಮ, ಟಚ್‌ಸ್ಕ್ರೀನ್. ಹಳೆಯ ಕಾರಿನ ಕುಶನ್ ಕೆಲಸ ಬಲ್ಲವರು ಕೆಲವರೇ. ಅವರನ್ನು ಹುಡುಕಿಕೊಂಡು ದೂರದ ಊರುಗಳಿಂದಲೂ ಕಾರು ಬರುತ್ತದೆ. ಅವರು ಕೆಲಸ ಶುರುಮಾಡುವ ರೀತಿಯೂ ಹಿಂದಿನದಲ್ಲ. ಬಿಚ್ಚಿದ ಪ್ರತಿ ಭಾಗದ ಅಡಿಯಿಂದ ಒಂದು ಚೂರು ಕತ್ತರಿಸಿ, ಬೆಳಕು ತಾಗದ ಲಕೋಟೆಯಲ್ಲಿ ಹಾಕಿ, ಯಾವ ಜಾಗದ್ದು ಎಂದು ಬರೆದಿಡುತ್ತಾರೆ. ಬಿರುಕು ಬಿಟ್ಟ ಸ್ಟಿಯರಿಂಗ್ ಚಕ್ರಕ್ಕೆ ಎಪಾಕ್ಸಿ ತುಂಬಿ ಉಜ್ಜಿ, ಬಿರುಕಿನ ಜಾಗಕ್ಕಷ್ಟೇ ಬಣ್ಣ ಹೊಂದಿಸಲು ಮೊದಲು ಪ್ರಯತ್ನಿಸುತ್ತಾರೆ. ಇಡೀ ಚಕ್ರ ಬಳಿಯುವುದು ಅದು ಸೋತ ಮೇಲೆ. ಹೊಸ ಪ್ಯಾಡನ್ನು ಲಕೋಟೆಯ ಚೂರಿಗೆ ಹೊಂದಿಸಬೇಕೋ, ಪಕ್ಕದ ಮಾಸಿದ ಸೀಟಿಗೆ ಹೊಂದಿಸಬೇಕೋ ಎಂದು ಮಾಲೀಕರನ್ನು ಕೇಳುತ್ತಾರೆ. ಒಳಭಾಗ ಪೂರ್ತಿ ಹೊಸದಾಗುವುದಿದ್ದರೆ ಚೂರು, ಅರ್ಧ ಮೂಲದ್ದು ಉಳಿಯುವುದಿದ್ದರೆ ಸೀಟು. ಎರಡನೆಯ ದಾರಿಯಲ್ಲಿ ಡಬ್ಬಿಗೆ ಬೀಳುವ ಕಾವಿಯ ಹನಿ ಹೆಚ್ಚು, ಕೂಲಿಯೂ ಹೆಚ್ಚು.