ತಪ್ಪು ಬೆರಳಿನದಾ, ಗಿಟಾರಿನದಾ?

ಆಫೀಸಿನ ಆನ್ಯುಯಲ್ ಡೇಗೆ ಮೂರು ವಾರ ಇತ್ತು. ನಮ್ಮ ಐದು ಜನರ ಬ್ಯಾಂಡಿನಲ್ಲಿ ಲೀಡ್ ಗಿಟಾರ್ ನನ್ನದು. ಪ್ರತಿ ಪ್ರಾಕ್ಟೀಸಿನಲ್ಲೂ ಒಂದೇ ಜಾಗದಲ್ಲಿ ನನ್ನ ಮಾನ ಹೋಗುತ್ತಿತ್ತು. 13ನೇ ಫ್ರೆಟ್ಟಿನಲ್ಲಿ ಮೊದಲನೇ ತಂತಿಯನ್ನು ಒತ್ತಿ, ಮೇಲಕ್ಕೆ ತಳ್ಳಿ ಸ್ವರ ಏರಿಸಬೇಕು. ಬೆಂಡ್ ಅಂತಾರಲ್ಲ, ಅದು. ಸ್ವರ ಏರ್ತಾ ಏರ್ತಾ ಅರ್ಧದಲ್ಲೇ ಕತ್ತು ಹಿಸುಕಿದ ಹಾಗೆ ನಿಂತುಬಿಡೋದು.

‘ನಿನ್ನ ಬೆರಳಿಗೆ ಬಲ ಸಾಲದು. ನೀನು ರಿದಮ್ ನುಡಿಸು, ಲೀಡ್ ನಾನು ನೋಡ್ಕೋತೀನಿ’ ಅಂದ ಒಬ್ಬ ಸಹೋದ್ಯೋಗಿ. ಬೇಜಾರಾಯ್ತು, ಆದರೂ ನಂಬಿದೆ. ಕ್ಯಾಬಿನಲ್ಲಿ ರಬ್ಬರ್ ಬಾಲ್ ಹಿಸುಕಿದೆ, ರಾತ್ರಿ ಬೆರಳ ತುದಿಯ ಚರ್ಮ ಸುಲಿಯೋವರೆಗೂ ಅದೇ ಬೆಂಡ್ ನುಡಿಸಿದೆ. ಏನೂ ಬದಲಾಗಲಿಲ್ಲ. ಒಂದು ಭಾನುವಾರ ಬೆಳಗ್ಗೆ, ಇದು ನನ್ನ ಕೈಲಾಗೋದಲ್ಲ ಅಂತ ಗಿಟಾರನ್ನು ಮಾರಾಟಕ್ಕೆ ಹಾಕಿಬಿಟ್ಟೆ.

ಅರ್ಧ ಗಂಟೆಯಲ್ಲಿ ಒಬ್ಬರು ಫೋನ್ ಮಾಡಿದರು. ‘ಫ್ರೆಟ್‌ಬೋರ್ಡ್ ರೇಡಿಯಸ್ ಎಷ್ಟು?’ ಅಂದರು. ನಾನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಾಗ ಮಾರಿದವರು ‘ಒಂಬತ್ತೂವರೆ’ ಅಂದಿದ್ದರು. ಅದನ್ನೇ ಹೇಳಿದೆ. ‘ಅಳೆದು ನೋಡಿದ್ದೀರಾ?’ ಅಂದರು. ಇಲ್ಲ. ರೇಡಿಯಸ್ಸನ್ನ ಅಳೆಯೋದು ಹೇಗೆ ಅಂತಲೇ ನನಗೆ ಗೊತ್ತಿರಲಿಲ್ಲ.

ಹಾಲಿನಲ್ಲಿ ಪೇಪರ್ ಓದ್ತಿದ್ದ ಅಪ್ಪ ತಲೆ ಎತ್ತಿದರು. ‘ಏನಮ್ಮ ಅದು, ಗಿಟಾರಿಗೂ ರೇಡಿಯಸ್ಸಾ?’

ಅಪ್ಪ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ 31 ವರ್ಷ ಟರ್ನರ್ ಆಗಿದ್ದವರು. ರಿಟೈರ್ ಆಗಿ ಎರಡು ವರ್ಷ ಆಯ್ತು. ಅವರ ಟೂಲ್ ಬಾಕ್ಸು ಮಂಚದ ಕೆಳಗೆ ಹೋಗಿ ಕೂತಿದ್ದು ಮತ್ತೆ ಹೊರಗೆ ಬಂದಿರಲಿಲ್ಲ. ಮಾತೂ ಕಮ್ಮಿ ಆಗಿತ್ತು. ಮೊದಲ ಬೋನಸ್ಸಿನಲ್ಲಿ ನಾನು ಗಿಟಾರ್ ತಂದಾಗ ಒಂದು ಮಾತೂ ಅಂದಿರಲಿಲ್ಲ. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಮೊಬೈಲಿನಲ್ಲಿ ಓದಿ ಹೇಳಿದೆ. ಗಿಟಾರಿನ ಫ್ರೆಟ್‌ಬೋರ್ಡ್ ನೋಡೋಕೆ ಚಪ್ಪಟೆ, ಆದರೆ ಅಡ್ಡಕ್ಕೆ ಸಣ್ಣಗೆ ಬಾಗಿರುತ್ತೆ. ಒಂದು ದೊಡ್ಡ ಸಿಲಿಂಡರಿನ ಮೈಯಿಂದ ಉದ್ದಕ್ಕೆ ಸೀಳಿ ತೆಗೆದ ಪಟ್ಟಿಯ ಹಾಗೆ. ಆ ಸಿಲಿಂಡರಿನ ರೇಡಿಯಸ್ಸೇ ಈ ನಂಬರು. ನಂಬರ್ ಚಿಕ್ಕದಾದಷ್ಟೂ ಬಾಗು ಜಾಸ್ತಿ. 1950-60ರ ದಶಕದ ಫೆಂಡರ್ ಗಿಟಾರುಗಳಲ್ಲಿ 7.25 ಇಂಚು, ಈಗಿನ ಹೆಚ್ಚಿನ ಫೆಂಡರ್‌ಗಳಲ್ಲಿ 9.5. ಗಿಬ್ಸನ್ ಲೆಸ್ ಪಾಲ್‌ನದು 12, ಅಂದರೆ ಸುಮಾರು 200 ಲೀಟರಿನ ಡ್ರಮ್ಮಿನ ಬಾಗು. ಐಬನೆಜ್‌ನ ತೆಳು ನೆಕ್ಕುಗಳಲ್ಲಿ 400 ಮಿಲಿಮೀಟರ್, ಹೆಚ್ಚುಕಮ್ಮಿ ಚಪ್ಪಟೆಯೇ.

ಅಪ್ಪ ಎದ್ದು ಹೋಗಿ ಟೂಲ್ ಬಾಕ್ಸ್ ಎಳೆದರು. ಅವರ ರೇಡಿಯಸ್ ಗೇಜಿನ ಕೊನೇ ಎಲೆ 25 ಮಿಲಿಮೀಟರಿಗೇ ಮುಗಿದಿತ್ತು. ‘ಇದಾಗಲ್ಲ, ನಾವೇ ಮಾಡೋಣ’ ಅಂದರು. ಹಳೇ ಕ್ಯಾಲೆಂಡರಿನ ರಟ್ಟು, ಒಂದು ಮೊಳೆ, ಸ್ಟೀಲ್ ಸ್ಕೇಲು, ಪೆನ್ಸಿಲ್. ಮೊಳೆಯಿಂದ 184, 241, 305 ಮಿಲಿಮೀಟರ್ ದೂರಕ್ಕೆ ಮೂರು ಕಮಾನು ಎಳೆದು ಬ್ಲೇಡಿನಲ್ಲಿ ಕೊಯ್ದರು. 7.25, 9.5, 12 ಇಂಚು.

ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿದೆ. ಅಪ್ಪ ರಟ್ಟನ್ನು ಎರಡು ಫ್ರೆಟ್ ನಡುವಿನ ಮರದ ಮೇಲೆ ನಿಲ್ಲಿಸಿದರು. ಸವೆದ ಫ್ರೆಟ್ಟಿನ ಮೇಲೆ ಇಟ್ಟರೆ ಅಳತೆ ಸುಳ್ಳು ಹೇಳುತ್ತಂತೆ. ನಾನು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟೆ. 9.5ರ ರಟ್ಟು ನಡುವೆ ಮಾತ್ರ ಮುಟ್ಟಿತ್ತು, ಎರಡೂ ತುದಿಯಲ್ಲಿ ಬೆಳಕು ಕಂಡಿತು. ಅಂದರೆ ಬೋರ್ಡಿನ ಬಾಗು ಅದಕ್ಕಿಂತ ಜಾಸ್ತಿ. ನಡುವೆ ಬೆಳಕು ಬಂದಿದ್ದರೆ ಬೋರ್ಡು ಇನ್ನೂ ಚಪ್ಪಟೆ ಅಂತ ಅರ್ಥ. 7.25ರದು ಇಟ್ಟರು. ಬೆಳಕಿನ ಒಂದು ಗೆರೆಯೂ ಇಲ್ಲ. 1, 7, 12, ಕೊನೇ ಫ್ರೆಟ್ಟು, ಎಲ್ಲಾ ಕಡೆ ಅದೇ.

ಅಪ್ಪ ಪೇಪರಿನ ಅಂಚಿನಲ್ಲೇ ಲೆಕ್ಕ ಹಾಕಿದರು. ಬೋರ್ಡಿನ ಅಗಲ 42 ಮಿಲಿಮೀಟರ್ ಇರೋ ಕಡೆ, 7.25ರಲ್ಲಿ ನಡುವಿನ ಉಬ್ಬು 1.2 ಮಿಲಿಮೀಟರ್, 12ರಲ್ಲಿ 0.7.

‘ಇಷ್ಟೇನಾ? ಅರ್ಧ ಮಿಲಿಮೀಟರ್!’ ಅಂದೆ.

‘ಅರ್ಧ ಮಿಲಿಮೀಟರ್ ತಪ್ಪಿದ್ರೆ ನಮ್ಮಲ್ಲಿ ಇಡೀ ಲಾಟ್ ರಿಜೆಕ್ಟ್ ಆಗ್ತಿತ್ತು, ಗೊತ್ತಾ?’

ಆಮೇಲೆ ಬೆಂಡ್ ಮಾಡಿ ತೋರಿಸು ಅಂದರು. ಬಗ್ಗಿ, ಕಣ್ಣನ್ನು ಬೋರ್ಡಿನ ಮಟ್ಟಕ್ಕೆ ತಂದು ನೋಡಿದರು. ಮೊದಲನೇ ತಂತಿ ಇರೋದು ಅಂಚಿನಲ್ಲಿ, ತಗ್ಗಿನ ಕಡೆ. ತಳ್ಳಿದಾಗ ಅದು ನಡುವಿನ ಉಬ್ಬಿನ ಕಡೆಗೆ ಹತ್ತುತ್ತೆ. ಬ್ರಿಡ್ಜಿನ ಕಡೆಯ ತುದಿ ಮಾತ್ರ ತಗ್ಗಿನಲ್ಲೇ ಇರುತ್ತೆ. ಹಾಗಾಗಿ ಮುಂದಿನ ಯಾವುದೋ ಫ್ರೆಟ್ಟಿನ ಉಬ್ಬಿಗೆ ತಂತಿ ತಗುಲಿ ಸ್ವರ ಸಾಯುತ್ತೆ. ನಾನು ಬೇಗ ನುಡಿಸೋಕೆ ಸುಲಭ ಅಂತ ತಂತಿಗಳನ್ನು ತೀರಾ ಕೆಳಗಿಳಿಸಿದ್ದೆ. 12 ಇಂಚಿನ ಬೋರ್ಡಿನಲ್ಲಿ ನಡೆಯಬಹುದಾದ ಎತ್ತರ 7.25ರಲ್ಲಿ ನಡೆಯೋಲ್ಲ.

ನೆಕ್ ನೆಟ್ಟಗಿದೆಯಾ ಅಂತ ಸ್ಕೇಲಿನ ಅಂಚಿಟ್ಟು ನೋಡಿದರು. ಸರಿಯಾಗಿತ್ತು. 12ನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ಒಂದೂವರೆ ಮಿಲಿಮೀಟರಿಗಿಂತ ಕಮ್ಮಿ ಇತ್ತು, ಎರಡಕ್ಕೆ ಏರಿಸಬೇಕಿತ್ತು. ‘12ನೇದು ತಂತಿಯ ನಡುಮಧ್ಯ ಅಲ್ವಾ? ಹಾಗಿದ್ರೆ ಬ್ರಿಡ್ಜಲ್ಲಿ ಡಬಲ್ ಏರಿಸ್ಬೇಕು’ ಅಂತ ಅಲೆನ್ ಕೀ ತಿರುಗಿಸಿದರು. ಆರೂ ಸ್ಯಾಡಲ್ಲುಗಳು ಅದೇ 7.25ರ ಬಾಗಿಗೆ ಕೂರೋ ಹಾಗೆ ಸರಿಮಾಡಿದರು.

ತಂತಿ ತಳ್ಳಿದೆ. ಸ್ವರ ಏರಿತು, ಏರಿ ಅಲ್ಲೇ ನಿಂತು ಉಲಿಯಿತು. ಅಡುಗೆಮನೆಯಿಂದ ಅಮ್ಮ ಇಣುಕಿ ನೋಡಿದರು.

ಫೋನ್ ಮಾಡಿದವರಿಗೆ ‘ಮಾರೋದಿಲ್ಲ, ಕ್ಷಮಿಸಿ. ಅಂದಹಾಗೆ ಅದು 7.25’ ಅಂತ ಮೆಸೇಜ್ ಹಾಕಿದೆ.

ಆನ್ಯುಯಲ್ ಡೇ ದಿನ ಆ ಬೆಂಡ್ ಪೂರ್ತಿ ಏರಿತು. ಸೋಲೋ ಇಡೀ ಸರಿ ಬಂತಾ? ಇಲ್ಲ, ಎರಡು ಕಡೆ ತಪ್ಪಿದೆ. ಆ ಎರಡೂ ನನ್ನವೇ, ಒಪ್ಪಿಕೊಂಡೆ. ಕಾರ್ಯಕ್ರಮದ ನಂತರ ಸಹೋದ್ಯೋಗಿಯ 12 ಇಂಚಿನ ಗಿಟಾರ್ ಇಸ್ಕೊಂಡು ನುಡಿಸಿದೆ. ಬೆಂಡ್ ಬೆಣ್ಣೆ ಹಾಗೆ ಬಂತು. ಆದರೆ ತೋರುಬೆರಳನ್ನು ಅಡ್ಡ ಇಟ್ಟು ಆರೂ ತಂತಿ ಒತ್ತೋ ಬಾರೆ ಕಾರ್ಡಿಗೆ ನನ್ನ ಸಣ್ಣ ಕೈ ಒದ್ದಾಡಿತು. ನನ್ನ ಗಿಟಾರಿನ ಬಾಗು ಬೆರಳಿನ ಬಾಗಿಗೆ ಕೂರುತ್ತೆ. ಯಾವುದು ಒಳ್ಳೇದು ಅನ್ನೋದಕ್ಕಿಂತ ಯಾವ ಕೈಗೆ, ಯಾವ ಕೆಲಸಕ್ಕೆ ಅನ್ನೋದೇ ಮುಖ್ಯ ಅಂತ ಆಗ ಅನ್ನಿಸಿತು.

ನೀವೂ ಹಳೇ ಗಿಟಾರ್ ಕೊಳ್ಳೋಕೆ ಹೊರಟಿದ್ದರೆ ಮೂರು ತುಂಡು ರಟ್ಟು ಜೇಬಲ್ಲಿರಲಿ. ಆಗಲೇ ಕೊಂಡು ‘ನನ್ನ ಕೈಲಾಗಲ್ಲ’ ಅಂತ ಮೂಲೆಗಿಟ್ಟಿದ್ದರೆ, ಬೆರಳನ್ನು ಬೈಯೋ ಮುಂಚೆ ಒಮ್ಮೆ ಅಳೆದು ನೋಡಿ.

ನಮ್ಮನೆ ರಟ್ಟುಗಳೀಗ ಟೂಲ್ ಬಾಕ್ಸಿನ ಮೇಲಿನ ಖಾನೆಯಲ್ಲಿವೆ, ಅಪ್ಪನ ಕೈಬರಹದ ನಂಬರ್ ಸಮೇತ. ಬಾಕ್ಸು ಮಂಚದ ಕೆಳಗೆ ವಾಪಸ್ ಹೋಗಿಲ್ಲ. ನಿನ್ನೆ ಊಟಕ್ಕೆ ಕೂತಾಗ ಕೇಳಿದರು: ‘ನಿಮ್ಮ ಆಫೀಸಿನ ಆ ಹುಡುಗ ಗಿಟಾರ್ ತರ್ತೀನಿ ಅಂದಿದ್ದನಲ್ಲ, ಯಾವತ್ತಂತೆ?’