ಬಿಸಿಲಿನ ಬಾಡಿಗೆ

ನಮ್ಮ ತಂದೆಯವರು ಬಿಟ್ಟುಹೋದ ಆಸ್ತಿಯೆಂದರೆ ಪೇಟೆಬೀದಿಯ ಒಂದು ಮಳಿಗೆ. ಕೆಳಗೆ ಹೊಲಿಗೆಯಂಗಡಿ, ಮೇಲಿನ ತಾರಸಿಯಲ್ಲಿ ಬಿಟ್ಟಿ ಬಿಸಿಲು. ಅಲ್ಲಿ 3 ಕಿಲೋವ್ಯಾಟಿನ ಸೌರಫಲಕಗಳನ್ನು ಹಾಕಿಸುವ ಹಂಬಲ ನನಗೆ ಹುಟ್ಟಿತು. ಸುಮಾರು 300 ಚದರಡಿ ಜಾಗ ಸಾಕು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ 12 ಯೂನಿಟ್ಟಿನಷ್ಟು ವಿದ್ಯುತ್ತು.

ಲೆಕ್ಕಕ್ಕೆ ಕುಳಿತಾಗ ಮನಸ್ಸು ಸಣ್ಣದಾಯಿತು. 2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಸಹಾಯಧನ ವಾಸದ ಮನೆಗಳಿಗೆ, ಅಂಗಡಿಗಳಿಗಲ್ಲ. ಸಾಲ ನನ್ನದು, ಬಿಲ್ಲಿನ ಉಳಿತಾಯ ಬಾಡಿಗೆದಾರರದು! 'ಪರರ ದೀಪಕ್ಕೆ ನಾನೇಕೆ ಎಣ್ಣೆ ಹೊಯ್ಯಲಿ?' ಎಂದು ಸುಮ್ಮನಾದೆ.

ಆದರೂ ಆಸೆ ಬಿಡಲಿಲ್ಲ. ಒಂದು ಸಂಜೆ ಅಂಗಡಿಯ ಹಿರಿಯರನ್ನು ಕೇಳಿಯೇಬಿಟ್ಟೆ: "ಬಾಡಿಗೆಯ ಜೊತೆಗೆ ಬಿಸಿಲಿಗೂ ಒಂದಿಷ್ಟು ಕೊಡುವಿರಾ?"

ಅವರು ಕತ್ತರಿಯನ್ನು ಕೆಳಗಿಟ್ಟರು. "ಕೊಡೋಣ, ಮೇಷ್ಟ್ರೇ. ಆದರೆ ಫಲಕ 25 ವರ್ಷ ಬಾಳುತ್ತದೆ ಎನ್ನುತ್ತೀರಿ. ನನ್ನ ಕರಾರು 11 ತಿಂಗಳದಲ್ಲವೆ?"

ನಾನು ನಿರುತ್ತರನಾದೆ. ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕು. ಆ ಖರ್ಚನ್ನು ಉಳಿಸಲು, ತಂದೆಯವರ ಕಾಲದಿಂದ ಅಲ್ಲಿರುವವರನ್ನು 11 ತಿಂಗಳಿಗೊಮ್ಮೆ ಹೊಸಬರನ್ನಾಗಿಸುತ್ತಿದ್ದೆ. ಸೂರ್ಯನನ್ನು ನಂಬಹೊರಟವನಿಗೆ ಸೂರಿನ ಕೆಳಗಿನ ಮನುಷ್ಯನಲ್ಲಿ ನಂಬಿಕೆಯಿರಲಿಲ್ಲ.

ಫಲಕಗಳು ಇನ್ನೂ ಬಂದಿಲ್ಲ. ಅದಕ್ಕೆ ಮೊದಲು ಹತ್ತು ವರ್ಷದ ಕರಾರು ಬರೆಸುತ್ತಿದ್ದೇನೆ: ಉಳಿತಾಯದಲ್ಲಿ ಇಬ್ಬರಿಗೂ ಸಮಪಾಲು. ನೋಂದಣಿಯ ಖರ್ಚು ಮಾತ್ರ ನನ್ನದೇ.