ನೆರಳಿನ ಹಿಂದೊಬ್ಬ

ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ನಾವು ಲಘುಕೌಮುದಿಯ ಮರೆಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನಿಟ್ಟುಕೊಂಡು ಓದಿದ್ದುಂಟು. ಆ ಚಪಲ ಇನ್ನೂ ಪೂರ್ತಿ ಅಳಿದಿಲ್ಲವೆಂಬುದು, ಅಮೆರಿಕೆಯ ಹಳೆಯ ಪತ್ತೇದಾರಿ ಕಥೆಗಳ ಮರುಮುದ್ರಣವೊಂದನ್ನು ಮೊಮ್ಮಗ ತಂದಿಟ್ಟಾಗ ನಮಗೆ ತಿಳಿಯಿತು.

ಕಥಾನಾಯಕನ ಹೆಸರು ‘ದಿ ಶ್ಯಾಡೋ’, ಅಂದರೆ ನೆರಳು. 1930ರಲ್ಲಿ ರೇಡಿಯೋದಲ್ಲಿ ಕಥೆ ಹೇಳುವ ಬರಿಯ ಧ್ವನಿಯಾಗಿ ಹುಟ್ಟಿದ ಇವನು, 1931ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸ್ಟ್ರೀಟ್ ಅಂಡ್ ಸ್ಮಿತ್ ಸಂಸ್ಥೆಯು ಅಗ್ಗದ ಕಾಗದದ ಮೇಲೆ ಅಚ್ಚು ಹಾಕಿದ ಪತ್ರಿಕೆಯ ನಾಯಕನಾದನು. 1949ರವರೆಗೆ 325 ಸಂಚಿಕೆಗಳು ಬಂದವು. ಕರಿಯ ನಿಲುವಂಗಿ, ಅಗಲ ಅಂಚಿನ ಟೋಪಿ, ಕತ್ತಲೆಯಿಂದ ಕೇಳಿಬರುವ ನಗೆ, ಎರಡು ಪಿಸ್ತೂಲು. ಹುಡುಗರಿಗೆ ಇಷ್ಟು ಸಾಕು.

ನಮ್ಮ ಮನಸ್ಸು ನಿಂತದ್ದು ಬರ್‌ಬ್ಯಾಂಕ್ ಎಂಬವನಲ್ಲಿ. ನೆರಳಿನ ಸಹಾಯಕರು ಹಲವರು. ಸೇತುವೆಯಿಂದ ಹಾರಿ ಸಾಯಹೊರಟು ನೆರಳಿನಿಂದಲೇ ಬದುಕುಳಿದ ಹ್ಯಾರಿ ವಿನ್ಸೆಂಟ್ ಅವರಲ್ಲೊಬ್ಬ, ಟ್ಯಾಕ್ಸಿ ಓಡಿಸುವ ಮೋ ಶ್ರೆವ್ನಿಟ್ಜ್ ಇನ್ನೊಬ್ಬ. ಅವರಿಗೆ ಓಡಾಟವುಂಟು, ಅಪಾಯವುಂಟು, ಓದುಗರ ಮೆಚ್ಚುಗೆಯೂ ಉಂಟು. ಬರ್‌ಬ್ಯಾಂಕನಾದರೋ ಮಸಕು ಬೆಳಕಿನ ಕೋಣೆಯಲ್ಲಿ, ಕಿವಿಗೆ ಶ್ರವಣಯಂತ್ರವಿಟ್ಟು, ನಮಗೆ ಬೆನ್ನು ಮಾಡಿ ಕುಳಿತವನು. ಪುಟ್ಟ ದೀಪ ಹೊತ್ತಿಕೊಂಡೊಡನೆ ಶಾಂತವಾಗಿ ತನ್ನ ಹೆಸರು ಹೇಳುತ್ತಾನೆ, ಸುದ್ದಿ ಪಡೆಯುತ್ತಾನೆ, ಸೇರಬೇಕಾದವರಿಗೆ ಸೇರಿಸುತ್ತಾನೆ. ಅಪರೂಪಕ್ಕೊಮ್ಮೆ ಹೊರಗೆ ಕಾಲಿಟ್ಟರೂ ಅವನ ಠಾವು ಅದೇ. ಅವನು ಒಂದು ರಾತ್ರಿ ತೂಕಡಿಸಿದ್ದರೆ ನೆರಳಿನ ನಗೆಯೂ ಪಿಸ್ತೂಲುಗಳೂ ಏನು ಮಾಡಬಲ್ಲವು? ಅವನು ಉಂಡದ್ದೆಂದು, ಮಲಗಿದ್ದೆಂದು ಎಂದು ನಾವು ಪುಟ ತಿರುವಿ ಹುಡುಕಿದೆವು. ಮೊಮ್ಮಗ ನಕ್ಕನು.

ಈ ಕಥೆಗಳ ಮೇಲೆ ಅಚ್ಚಾದ ಕರ್ತೃನಾಮ ಮ್ಯಾಕ್ಸ್‌ವೆಲ್ ಗ್ರಾಂಟ್. ಅಂಥವನೊಬ್ಬ ಇರಲೇ ಇಲ್ಲ. 282 ಕಥೆಗಳನ್ನು ಬರೆದವನು ವಾಲ್ಟರ್ ಗಿಬ್ಸನ್. ಸ್ವತಃ ಜಾದೂಗಾರ, ಹುಡೀನಿಯಂಥ ಹೆಸರಾಂತ ಜಾದೂಗಾರರ ಪರವಾಗಿಯೂ ಬರೆದುಕೊಟ್ಟವನು. ನಮ್ಮ ಶರಣರೂ ವಚನದ ಕೊನೆಗೆ ತಮ್ಮ ಹೆಸರನ್ನಿಡದೆ ಇಷ್ಟದೈವದ ಅಂಕಿತವನ್ನಿಟ್ಟರು. ಆದರೆ ಅದು ಭಕ್ತಿ, ಇದು ಪ್ರಕಾಶಕರ ವ್ಯವಹಾರ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಸಲ್ಲದು. ತೆರೆಮರೆಯ ದುಡಿಮೆಯನ್ನು ಬಲ್ಲ ಕೈಯೇ ಬರ್‌ಬ್ಯಾಂಕನನ್ನು ಚಿತ್ರಿಸಿತೆಂದಷ್ಟೇ ನಮ್ಮ ಊಹೆ.

ಪಂಚಾಚಾರಗಳಲ್ಲಿ ಭೃತ್ಯಾಚಾರವನ್ನು ಕುರಿತು ನಾವು ಅನೇಕ ವರ್ಷ ಪಾಠ ಹೇಳಿದ್ದೇವೆ. ಆದರೂ ಪುಸ್ತಕ ಮುಚ್ಚಿದ ಆ ರಾತ್ರಿ ನಿದ್ರೆ ಬರಲಿಲ್ಲ. ನಮ್ಮ ಮೊದಲ ಸಂಪಾದಿತ ಗ್ರಂಥಕ್ಕಾಗಿ ಮಠದ ಹಿರಿಯರೊಬ್ಬರು ಎರಡು ಚಳಿಗಾಲ ಕಂದೀಲಿನ ಬೆಳಕಿನಲ್ಲಿ ತಾಳೆಯ ಗರಿಗಳನ್ನು ಓದಿ ಹೇಳಿದ್ದರು, ನಾವು ಬರೆದುಕೊಂಡಿದ್ದೆವು. ಸವೆದ ಅಕ್ಷರ ಬಂದಾಗ ಗರಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ಬೆರಳಿನಿಂದ ತಡವಿ, ಬಿಡಿಸಿ ಹೇಳುತ್ತಿದ್ದರು. ಮುನ್ನುಡಿಯಲ್ಲಿ ದಾನಿಗಳನ್ನು ನೆನೆದೆವು, ಮುದ್ರಕರನ್ನು ನೆನೆದೆವು, ಕರಡು ತಿದ್ದಿದವರನ್ನೂ ನೆನೆದೆವು. ಅವರ ಹೆಸರು ಬಿಟ್ಟುಹೋಯಿತು. ಬಿಟ್ಟುಹೋಯಿತೆಂಬುದೂ ಸುಳ್ಳೇ, ಪಾಠನಿರ್ಣಯ ನಮ್ಮದೇ ಎಂದು ಜನ ತಿಳಿಯಲೆಂಬ ಆಸೆ ಒಳಗಿತ್ತು.

ಬಿಡುಗಡೆಯ ದಿನ ಸಭೆಗೆ ಜಮಖಾನೆ ಹಾಸಿದವರು ಅವರೇ. ಸಂಜೆ ಒಂದು ಪ್ರತಿ ಕೇಳಿ ಪಡೆದು, ಮುನ್ನುಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, “ಅಚ್ಚು ಚೆನ್ನಾಗಿ ಬಂದದ” ಎಂದರು. ಮತ್ತೇನೂ ಹೇಳಲಿಲ್ಲ. ಅವರು ಲಿಂಗೈಕ್ಯರಾಗಿ ಬಹಳ ಕಾಲವಾಯಿತು. ಆ ಗ್ರಂಥ ಎರಡನೆಯ ಮುದ್ರಣ ಕಾಣಲಿಲ್ಲ.

ಬೆಳಗಾದ ಮೇಲೆ ನಮ್ಮ ಪ್ರತಿಯನ್ನು ತೆಗೆದು, ಮುನ್ನುಡಿಯ ಕೆಳಗೆ ಶಾಯಿಯಿಂದ ಅವರ ಹೆಸರನ್ನು ಬರೆದೆವು. ಗ್ರಂಥಾಲಯಗಳಲ್ಲಿರುವ ಪ್ರತಿಗಳು ಹಾಗೆಯೇ ಇವೆ.